ಕ್ಷಯರೋಗಿಯ ಪಥ್ಯ

ನೇತ್ರಾವತಿ ದಡದ ಫರಂಗಿಪೇಟೆಯ ಆಸುಪಾಸಿನಲ್ಲಿ ಬೀಡಿ ಕಟ್ಟಿ ಬದುಕುವ ಮನೆಗಳು ಇಂದಿಗೂ ಇವೆ. ಅಂತಹ ಮನೆಯ ತಾಯಿಯೊಬ್ಬರು ಕಳೆದ ಮಳೆಗಾಲದಲ್ಲಿ ಮಗನನ್ನು ನಮ್ಮಲ್ಲಿಗೆ ಕರೆತಂದರು. ಸರಕಾರಿ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಷಯವೆಂದು ಖಚಿತವಾಗಿ ತಿಂಗಳಾಗಿತ್ತು. ಮಾತ್ರೆ ತಪ್ಪಿರಲಿಲ್ಲ, ಆದರೂ ತೂಕ 42 ಕಿಲೋ ದಾಟಿರಲಿಲ್ಲ. ಊಟಕ್ಕೆ ಏನು ಕೊಡುತ್ತೀರಿ ಎಂದು ಕೇಳಿದೆವು. "ಪಥ್ಯ ಮಾಡಿಸ್ತಿದ್ದೇವೆ ಡಾಕ್ಟ್ರೇ. ಗಂಜಿ, ಉಪ್ಪಿನಕಾಯಿ ಮಾತ್ರ. ಬೇಳೆ ವಾಯು, ಹಾಲು ಕಫ ಅಂತ ನಿಲ್ಲಿಸಿದ್ದೇವೆ" ಎಂದರು. ಅವನ ಬಟ್ಟಲನ್ನೂ ಬೇರೆ ಇಟ್ಟಿದ್ದರು.

ಆಯುರ್ವೇದದ ಹೆಸರಿನಲ್ಲಿ ನಡೆಯುವ ಈ ಪಥ್ಯ ಆಯುರ್ವೇದದ್ದಲ್ಲ. ಪಥ್ಯವೆಂದರೆ ಶರೀರದ ಮಾರ್ಗಗಳಿಗೆ ಹಿತವಾದುದು, ಹಸಿವಿನಲ್ಲಿಡುವುದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 8ನೆಯ ಅಧ್ಯಾಯ ರಾಜಯಕ್ಷ್ಮಕ್ಕೇ ಮೀಸಲಾಗಿದೆ. ಶಕ್ತಿಮೀರಿದ ಶ್ರಮ, ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಧಾತುಕ್ಷಯ, ಹೊತ್ತುಗೊತ್ತಿಲ್ಲದ ವಿಷಮ ಆಹಾರ ಎಂಬ ನಾಲ್ಕನ್ನು ಅಲ್ಲಿ ಕಾರಣಗಳೆಂದು ಹೇಳಿದೆ. ಒಣಗುತ್ತಿರುವ ದೇಹವನ್ನು ಮತ್ತೆ ತುಂಬಿಸುವ ಬೃಂಹಣ ಚಿಕಿತ್ಸೆಗೆ ಅಲ್ಲಿ ದೊಡ್ಡ ಸ್ಥಾನವಿದೆ. ರೋಗಾಣುವಿನ ಪರಿಚಯ ಪ್ರಾಚೀನರಿಗೆ ಇರಲಿಲ್ಲ. ಅದನ್ನು 1882ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರಾಬರ್ಟ್ ಕಾಕ್. ಆದುದರಿಂದ ರೋಗಾಣುವನ್ನು ಕೊಲ್ಲಲು ಆಧುನಿಕ ಮಾತ್ರೆಗಳೇ ಬೇಕು. ನಮ್ಮ ಕಷಾಯ, ಲೇಹ್ಯಗಳು ಆ ಸ್ಥಾನವನ್ನು ತುಂಬಲಾರವು. ಇದನ್ನು ನಾವು ಅನುಭವದಿಂದಲೇ ಕಲಿತೆವು. ವೃತ್ತಿಯ ಆರಂಭದ ದಿನಗಳಲ್ಲಿ ಒಬ್ಬರ ಕೆಮ್ಮಿಗೆ ಆರು ವಾರ ಕಷಾಯ ಕೊಟ್ಟು, ಕಫ ಪರೀಕ್ಷೆಗೆ ಕಳುಹಿಸುವಾಗ ತಡಮಾಡಿದ್ದೆವು. ಅಷ್ಟರಲ್ಲಿ ಅವರ ಹೆಂಡತಿಗೂ ಕೆಮ್ಮು ಹಿಡಿದಿತ್ತು. ಅಂದಿನಿಂದ ಎರಡು ವಾರ ಮೀರಿದ ಯಾವ ಕೆಮ್ಮನ್ನೂ ಪರೀಕ್ಷೆಯಿಲ್ಲದೆ ನಾವು ಇರಿಸಿಕೊಂಡಿಲ್ಲ.

ಆಹಾರದ ಮಹತ್ತ್ವಕ್ಕೆ ಈಗ ಲೆಕ್ಕದ ಆಧಾರವೂ ದೊರೆತಿದೆ. ಅದೂ ನಮ್ಮ ಜಿಲ್ಲೆಯಿಂದಲೇ. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ತಮ್ಮ ಸಹೋದ್ಯೋಗಿಗಳೊಡನೆ ಜಾರ್ಖಂಡಿನ 4 ಜಿಲ್ಲೆಗಳಲ್ಲಿ 2800 ಕ್ಷಯರೋಗಿಗಳ ಮನೆಗಳನ್ನು ಅಧ್ಯಯನ ಮಾಡಿದರು. ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕಿಲೋ ಆಹಾರಸಾಮಗ್ರಿ ಕೊಟ್ಟರು. ಒಂದು ಗುಂಪಿನ ಮನೆಗಳಲ್ಲಿ ರೋಗಿಯ ಜೊತೆಗಿರುವವರಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಉಂಡ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಕಂಡುಬಂದಿತು. 42 ಕಿಲೋ ತೂಗುವವನಿಗೆ ಶೇ. 5 ಎಂದರೆ ಎರಡು ಕಿಲೋ ಚಿಲ್ಲರೆ. ಅಷ್ಟೇ!

ಇದಕ್ಕೆ ದುಬಾರಿ ಪುಡಿಯ ಡಬ್ಬಿಗಳು ಬೇಕಿಲ್ಲ. ಕುಚ್ಚಲಕ್ಕಿಯ ಅನ್ನ, ಗಟ್ಟಿ ತೊವ್ವೆ, ಮೊಳಕೆಯ ಹೆಸರು, ನೆಲಗಡಲೆ, ಹಾಲು, ಬಾಳೆಹಣ್ಣು ಸಾಕು. ಹಸಿವು ಮಂದವಾಗಿದ್ದರೆ ಒಂದೇ ಸಲ ಬಡಿಸದೆ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಶ್ರೀಮಠದ ಭಕ್ತರು ಮೊಟ್ಟೆ, ಮೀನು ಮುಟ್ಟುವವರಲ್ಲ. ಆದರೆ ತಿನ್ನುವ ಮನೆಯ ರೋಗಿಗೆ ಅದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಮದ್ಯ, ಬೀಡಿಗಳನ್ನು ಮಾತ್ರ ಬಿಡಲೇಬೇಕು.

ಮಾತ್ರೆಗಳ ವಿಷಯದಲ್ಲಿ ಎರಡು ಮಾತು. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ 6 ತಿಂಗಳು. ಎರಡನೆಯ ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟವರಲ್ಲಿ ರೋಗಾಣು ಔಷಧಕ್ಕೆ ಬಗ್ಗದಂತಾಗಿ ಮರಳಬಹುದು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್ ಮಾತ್ರೆಯಿಂದ, ಹೆದರಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಟ್ಟಲಿನ ಮಾತು. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯಲ್ಲಿ ಸೇರುವ ಕಣಗಳಿಂದ, ತಟ್ಟೆ, ಲೋಟಗಳಿಂದಲ್ಲ. ಕಿಟಕಿ ತೆರೆದಿಡುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುವುದು ಇವೇ ರಕ್ಷೆ. ಒಂಟಿಯಾಗಿ ಕುಳಿತವನಿಗೆ ಅನ್ನ ಸೇರದೆಂಬುದನ್ನು ದಾಸೋಹದ ಪಂಕ್ತಿಯಲ್ಲಿ ಉಂಡವರಿಗೆ ನಾವು ವಿವರಿಸಬೇಕಾಗಿಲ್ಲ.

ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಪೌಷ್ಟಿಕ ಆಹಾರಕ್ಕಾಗಿ ಸರಕಾರ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. 2022ರಲ್ಲಿ ಆರಂಭವಾದ 'ನಿಕ್ಷಯ ಮಿತ್ರ' ವ್ಯವಸ್ಥೆಯಲ್ಲಿ ಯಾವ ವ್ಯಕ್ತಿಯೂ, ಸಂಘವೂ ಹೆಸರು ನೋಂದಾಯಿಸಿ, ಒಪ್ಪಿದ ರೋಗಿಗೆ ತಿಂಗಳ ದಿನಸಿಯನ್ನು ಒದಗಿಸಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತಿಳಿಯುತ್ತದೆ. ಕೊಡುವವರು ರೋಗಿಯ ಒಂದು ಬಾಯಿಗಷ್ಟೇ ಅಳೆಯದೆ ಮನೆಮಂದಿಗೂ ಸಾಲುವಷ್ಟು ಕೊಡಲಿ. ಇಲ್ಲವಾದರೆ ಯಾವ ತಾಯಿಯೂ ಆ ಬೇಳೆಯನ್ನು ಒಬ್ಬನಿಗೇ ಬೇಯಿಸಲಾರಳು.

ಆ ಹುಡುಗ ಮುಂದಿನ ತಿಂಗಳು ಬಂದಾಗ ತೂಕ 43 ಕಿಲೋ 800 ಗ್ರಾಂ ಇತ್ತು. ಬಟ್ಟಲು ಒಳಗೆ ಬಂದಿದೆಯಂತೆ. ಅವನ ತಂಗಿಯ ಪರೀಕ್ಷೆ ಇನ್ನೂ ಆಗಿರಲಿಲ್ಲ. ಬಂಟ್ವಾಳದ ಆಸ್ಪತ್ರೆಗೆ ಅವಳನ್ನು ಕರೆದೊಯ್ಯಲು ಚೀಟಿ ಬರೆದುಕೊಟ್ಟೆವು.