ಗುಂಪಿನ ಬಾಯಿಗೆ ಬಾಯಿ ಕೂಡಿಸಬೇಡ

ತಮ್ಮಾ, ‘ಕಳ್ಳ ಸಿಕ್ಕ’ ಅನ್ನುವ ವಿಡಿಯೊ ನಿನ್ನ ಫೋನಿಗೂ ಬಂದಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಾಗಲಿ, ಕುಷ್ಟಗಿಯ ಬಸ್ ನಿಲ್ದಾಣವಾಗಲಿ, ಕಿಸೆಗೆ ಕೈಹಾಕಿದವನೊಬ್ಬ ಸಿಕ್ಕರೆ ಮುಗಿಯಿತು. ಕಳೆದದ್ದೇನು, ಕಳಕೊಂಡವರು ಯಾರು ಎಂದು ಗೊತ್ತಿಲ್ಲದವರೂ ಒಂದೇಟು ಹಾಕಿ ಹೋಗುತ್ತಾರೆ. ಹೊಡೆಯದವರು ಫೋನು ಎತ್ತಿ ಹಿಡಿಯುತ್ತಾರೆ. ಅಂಥ ಗುಂಪಿನಲ್ಲಿ ನೀನೂ ಒಂದು ದಿನ ನಿಂತಿರುತ್ತೀ. ಆಗ ನೆನಪಿಗೆ ಬರಲಿ ಎಂದು ಬೈಬಲ್ಲಿನ ಒಂದು ಸಂಗತಿ ಹೇಳುತ್ತೇನೆ. ನಮ್ಮದಲ್ಲ ಎಂದು ಮೂಗು ಮುರಿಯಬೇಡ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೇ ಬರೆದಿದ್ದಾರೆ.

ಯೇಸುವಿನ ಎಡಕ್ಕೊಬ್ಬ, ಬಲಕ್ಕೊಬ್ಬ, ಇನ್ನಿಬ್ಬರನ್ನು ಅಂದು ಶಿಲುಬೆಗೆ ಹಾಕಿದ್ದರು. ಯೇಸುವಿನ ಕತೆ ಹೇಳುವ ನಾಲ್ಕೂ ಸುವಾರ್ತೆಗಳಲ್ಲಿ ಅವರಿದ್ದಾರೆ, ಹೆಸರು ಒಂದರಲ್ಲೂ ಇಲ್ಲ. ಮತ್ತಾಯ, ಮಾರ್ಕರು ಅವರನ್ನು ಕಳ್ಳರು ಅನ್ನುತ್ತಾರೆ. ಆದರೆ ಅವರನ್ನು ಶಿಲುಬೆಗೆ ಹಾಕಿದ ರೋಮನರು ಆ ಶಿಕ್ಷೆಯನ್ನು ಹೆಚ್ಚಾಗಿ ಇಟ್ಟುಕೊಂಡಿದ್ದು ಗುಲಾಮರಿಗೆ, ದಂಗೆ ಎದ್ದವರಿಗೆ, ದರೋಡೆಕೋರರಿಗೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ಗುಲಾಮರ ದಂಗೆಯನ್ನು ಅಡಗಿಸಿ, ರೋಮಿಗೆ ಹೋಗುವ ಹೆದ್ದಾರಿಯುದ್ದಕ್ಕೂ ಸುಮಾರು 6,000 ಜನರನ್ನು ನೇತುಹಾಕಿದ್ದರು. ಆದ್ದರಿಂದ ಆ ಇಬ್ಬರೂ ದಂಗೆಯವರೇ ಇದ್ದಿರಬಹುದು ಅನ್ನುವ ಪಂಡಿತರಿದ್ದಾರೆ. 1858ರಲ್ಲಿ ನಮ್ಮ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತ ಮುಂಡರಗಿ ಭೀಮರಾಯನೂ ಕಂಪನಿಯವರ ಕಾಗದದಲ್ಲಿ ದಂಗೆಕೋರನೇ. ಹಣೆಪಟ್ಟಿ ಕಟ್ಟಿದವರು ಯಾರು ಎಂದು ಮೊದಲು ನೋಡು.

ಹಾಗಂತ ಲೂಕನ ಸುವಾರ್ತೆ ಹೇಳುವ ಕತೆಯಲ್ಲಿ ಅವರು ನಿರಪರಾಧಿಗಳೇನಲ್ಲ. ಅಲ್ಲಿಯ ನೋಟ ಸರಿಯಾಗಿ ನೋಡು. ಅಧಿಕಾರಿಗಳು ಯೇಸುವನ್ನು ಅಣಕಿಸುತ್ತಾರೆ, ಸಿಪಾಯಿಗಳು ಅಣಕಿಸುತ್ತಾರೆ. ಶಿಲುಬೆಯ ಮೇಲಿದ್ದವರಲ್ಲಿ ಒಬ್ಬನೂ ಅವರ ಜೊತೆ ದನಿಗೂಡಿಸುತ್ತಾನೆ: ನೀನು ಕ್ರಿಸ್ತನಾದರೆ ನಿನ್ನನ್ನೂ ಉಳಿಸಿಕೋ, ನಮ್ಮನ್ನೂ ಉಳಿಸು ಎಂದು. ತನಗೆ ಮೊಳೆ ಹೊಡೆದವರ ಮಾತನ್ನೇ ಅವನು ಆಡುತ್ತಿದ್ದಾನೆ. ಇನ್ನೊಬ್ಬ ಅವನನ್ನು ಗದರಿಸುತ್ತಾನೆ. ನಮಗೆ ಆದದ್ದು ನಾವು ಮಾಡಿದ್ದಕ್ಕೆ ತಕ್ಕದ್ದೇ, ಈತ ಮಾತ್ರ ತಪ್ಪು ಮಾಡಿದವನಲ್ಲ ಅನ್ನುತ್ತಾನೆ. ಆಮೇಲೆ, ನನ್ನನ್ನು ನೆನೆಸಿಕೋ ಎಂದು ಯೇಸುವನ್ನು ಕೇಳಿಕೊಳ್ಳುತ್ತಾನೆ. ಕೊನೆಗಳಿಗೆಯಲ್ಲೂ ಕ್ಷಮೆ ಉಂಟು ಎಂದು ಚರ್ಚುಗಳಲ್ಲಿ ಈ ಕತೆ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಇಡೀ ಗುಂಪು ಬೈಯುತ್ತಿದ್ದಾಗ ಅವನು ಮೊದಲು ತನ್ನ ಲೆಕ್ಕ ಒಪ್ಪಿಸಿದ, ಆಮೇಲೆ ಪಕ್ಕದವನ ಪರವಾಗಿ ಬಾಯಿಬಿಟ್ಟ.

ಇದು ಎರಡು ಸಾವಿರ ವರ್ಷದ ಹಳೆಯ ಮಾತು ಎಂದುಕೊಂಡೆಯಾ? 2018ರ ಜುಲೈಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ್ದೇ ಬೀದರ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಕೂಡಿ ಬಂದಿದ್ದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಜನ ಅವರನ್ನು ಹಿಡಿದು ಹೊಡೆದರು, ಒಬ್ಬ ಸತ್ತ. ಅಲ್ಲಿ ಒಂದು ಕಲ್ಲನ್ನೂ ಎತ್ತದೆ ಬರೀ ಮೆಸೇಜ್ ಮುಂದಕ್ಕೆ ಕಳಿಸಿದವರ ಪಾಲು ಎಷ್ಟು, ನೀನೇ ಯೋಚಿಸು.

ಕಳ್ಳನಿಗೆ ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಅವನು ಕದ್ದಿದ್ದೇ ನಿಜವಾದರೂ ಅದನ್ನು ತೀರ್ಮಾನಿಸಲು ಕೋರ್ಟು ಇದೆ. ನಿನ್ನ ಕೈಯಲ್ಲಿರುವುದು ಇಷ್ಟು: ಗೊತ್ತಿಲ್ಲದ ವಿಡಿಯೊ ಮುಂದಕ್ಕೆ ಕಳಿಸಬೇಡ, ಗುಂಪಿನ ಏಟಿಗೆ ನಿನ್ನ ಏಟು ಸೇರಿಸಬೇಡ, 112ಕ್ಕೆ ಫೋನು ಹಚ್ಚು. ‘ಬಿಡ್ರಿ ಅಣ್ಣಾ, ಪೊಲೀಸರು ಬರ್ತಾರ’ ಎಂದು ಒಂದು ಮಾತು ಅನ್ನು. ‘ನೀನೇನು ಅವನ ಪೈಕಿನಾ’ ಎಂದು ನಿನ್ನ ಮೇಲೂ ಹರಿಹಾಯ್ದಾರು. ಬೈಸಿಕೋ, ಆದರೆ ಅಲ್ಲಿಂದ ಕದಲಬೇಡ. ಒಬ್ಬ ಹಾಗೆ ನಿಂತರೆ ಇನ್ನೊಬ್ಬನಿಗೂ ಧೈರ್ಯ ಬರುತ್ತದೆ. ಇಬ್ಬರು ಮೂವರಾದರೆ ಎತ್ತಿದ ಕೈಗಳು ಎಷ್ಟೋ ಸಲ ತಾವಾಗಿ ಇಳಿಯುತ್ತವೆ.