ಒಲೆ ಹಳೆಯದು, ಸೂರು ಹೊಸದು

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ತೆಂಗಿನ ತೋಟ ಇರುವುದರಿಂದ ಸೌದೆಗೆ ಬರವಿಲ್ಲ. ನಾಡಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದಾಗ, ಅತ್ತೆಯವರ ಹಟಕ್ಕೆ ಅಡುಗೆಮನೆ ಮೂಲೆಯಲ್ಲಿ ಅಸ್ತ್ರ ಒಲೆ ಥರದ್ದೊಂದು ಹಾಕಿಸಿದೆವು. ಗ್ಯಾಸ್ ಇದ್ದರೂ ಮುದ್ದೆ, ಹುರುಳಿಕಟ್ಟು ಅದರ ಮೇಲೇ ಆಗಬೇಕು. ಬಚ್ಚಲಲ್ಲಿ ಹಂಡೆ ಒಲೆ ಬೇರೆ. ಈಗ ಮಗಳು ಬೆಂಗಳೂರಿನಿಂದ ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ ಐದು ವಾರ. ರಾತ್ರಿ ಅತ್ತೆಯವರು ಬಾಂಡ್ಲಿಗೆ ಕೆಂಡ ತುಂಬಿ ಮಂಚದ ಕೆಳಗಿಟ್ಟು, ಚಳಿ ಬರದಂತೆ ಬಾಗಿಲು ಕಿಟಕಿ ಹಾಕುತ್ತಾರೆ. ಬೆಳಿಗ್ಗೆ ಎದ್ದರೆ ಮಗಳಿಗೆ ತಲೆನೋವು. “ಒಲೆ ಕಿತ್ತುಹಾಕಿ, ಇಲ್ಲಾಂದ್ರೆ ನಾನು ಹೊರಡ್ತೀನಿ” ಅನ್ನುತ್ತಾಳೆ. “ಎಂಟು ಮಕ್ಕಳನ್ನ ಇದೇ ಹೊಗೇಲಿ ಸಾಕಿಲ್ವಾ?” ಅನ್ನುತ್ತಾರೆ ಅತ್ತೆ. ನಡುವೆ ನಾನು. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಈ ಪತ್ರಿಕೆ ಕೈಗೆ ಸಿಕ್ಕ ರಾತ್ರಿಯೇ ಆ ಬಾಂಡ್ಲಿ ಬಾಣಂತಿ ಕೋಣೆಯಿಂದ ಹೊರಗೆ ಬರಬೇಕು. ಇದರಲ್ಲಿ ಅತ್ತೆಯ ಮಾತು, ಮಗಳ ಮಾತು ಅಂತ ತೂಗಿ ನೋಡುವುದಕ್ಕೆ ಏನೂ ಇಲ್ಲ.

ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರುತ್ತದೆ, ಎದ್ದು ಹೊರಗೆ ಹೋಗುತ್ತೇವೆ. ನಿಗಿನಿಗಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಕೆಂಡ ಒಳ್ಳೆಯದು ಅಂತ ಹಿರಿಯರು ನಂಬುವುದೇ ಇದರಿಂದ. ಈ ಅನಿಲ ನೆತ್ತರಿನ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಮಂಪರು ಹತ್ತಿದವರು ತಾವಾಗಿ ಎದ್ದು ಬಾಗಿಲು ತೆಗೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಏಳಲಿಲ್ಲ ಎನ್ನುವ ಸುದ್ದಿಯನ್ನು ಚಳಿಗಾಲದಲ್ಲಿ ನೀವೂ ಓದಿರುತ್ತೀರಿ. ಐದು ವಾರದ ಮಗುವಿಗೆ ತಲೆನೋವು ಅಂತ ಹೇಳಲು ಬಾಯಿಲ್ಲ. ನಾಳೆಯೇ ತಾಯಿ ಮಗು ಇಬ್ಬರನ್ನೂ ವೈದ್ಯರಿಗೆ ತೋರಿಸಿ, ಕೆಂಡದ ವಿಷಯ ಮುಚ್ಚಿಡದೆ ಹೇಳಿ. ಬಾಣಂತಿಯ ತಲೆನೋವಿಗೆ ರಕ್ತದೊತ್ತಡದಂಥ ಬೇರೆ ಕಾರಣಗಳೂ ಇರಬಹುದು, ಅದನ್ನೂ ನೋಡಲಿ. ಕೋಣೆಯಲ್ಲಿ ಯಾರಿಗಾದರೂ ಮಂಪರು ಕಂಡರೆ ಮೊದಲು ಹೊರಗಿನ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಬೆಚ್ಚಗಿರಲು ಕುಲಾವಿ, ಕಂಬಳಿ, ತಾಯಿಯ ಮೈಶಾಖ ಸಾಕು. ಸಾಂಬ್ರಾಣಿ ಹಾಕಲೇಬೇಕೆಂದರೆ ಮಗುವಿಲ್ಲದಾಗ, ಬಾಗಿಲು ತೆರೆದು.

ಇನ್ನು ಎಂಟು ಮಕ್ಕಳ ಮಾತು. ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಎಂಟೂ ಬೆಳೆದದ್ದು ನಾಡಹೆಂಚಿನ ಕೆಳಗೆ. ಹೆಂಚಿಗೂ ಹೆಂಚಿಗೂ ನಡುವೆ ಸಂದು, ಗೋಡೆಗೂ ಸೂರಿಗೂ ನಡುವೆ ಸಂದು, ಮೇಲೊಂದು ಬೆಳಕಿಂಡಿ. ಬೆಳಗಿನ ಹೊತ್ತು ಊರ ಹೊರಗೆ ನಿಂತು ನೋಡಿದರೆ ಮನೆಮನೆಯ ಹೆಂಚಿನ ಮೇಲೂ ಹೊಗೆ ಆಡುತ್ತಿತ್ತಲ್ಲ, ಆ ಮನೆಗಳೇ ಉಸಿರಾಡುತ್ತಿದ್ದವು. ನೀವು ಹೆಂಚು ಇಳಿಸಿ ಮೋಲ್ಡ್ ಹಾಕಿಸಿದಿರಿ, ಕಿಟಕಿಗೆ ಗಾಜು, ಸೊಳ್ಳೆಗೆ ಜಾಲರಿ. ಒಲೆ ಮಾತ್ರ ಹಾಗೇ ಉಳಿಯಿತು. ಹಾಗಂತ ಹಳೆಯ ಮನೆಯ ಹೊಗೆ ಅಮೃತವಾಗಿತ್ತು ಅಂತಲ್ಲ. ದೀರ್ಘಕಾಲದ ಕೆಮ್ಮು ದಮ್ಮು, ಮಕ್ಕಳ ನ್ಯುಮೋನಿಯಾ, ಕಣ್ಣಿನ ಪೊರೆ ಇವಕ್ಕೂ ಅಡುಗೆಮನೆ ಹೊಗೆಗೂ ನಂಟಿದೆ. ಅತ್ತೆಯವರ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ನಾನು ಕೇಳುವುದಿಲ್ಲ, ನೀವೇ ನೆನೆಸಿಕೊಳ್ಳಿ.

ಹಾಗಾದರೆ ಒಲೆ ಕೀಳಬೇಕೇ? ಬೇಡ. ರಿಪೇರಿ ಮಾಡಿಸಿ. ಅಸ್ತ್ರ ಎಂದರೆ ಇಲ್ಲಿ ಬಾಣ ಬಿಲ್ಲಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು ಹುಟ್ಟಿದ ತಂಡದ ಹೆಸರು. ಅವರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಎಂಬತ್ತರ ದಶಕದಲ್ಲಿ ಮನೆಮನೆಗೆ ಬಂದ ಆ ಒಲೆಯಲ್ಲಿ ಸೌದೆ ಕೂರುವುದು ಜಾಲರಿಯ ಮೇಲೆ, ಗಾಳಿ ಕೆಳಗಿನಿಂದ. ಉರಿ ಒಂದು ಪಾತ್ರೆಯಿಂದ ಮುಂದಿನ ಪಾತ್ರೆಗೆ ಹರಿದು ಕೊಳವೆಯಲ್ಲಿ ಏರುತ್ತದೆ. ಇದು ನಡೆಯಬೇಕಾದರೆ ಪಾತ್ರೆ ಒಲೆಯ ಬಾಯಿಗೆ ಬಿರಡೆಯಂತೆ ಕೂರಬೇಕು. ಮನೆಗೆ ಕುಕ್ಕರು, ಸ್ಟೀಲ್ ಪಾತ್ರೆ ಬಂದವು, ಬಾಯಿಯ ಅಳತೆ ಹಾಗೇ ಉಳಿಯಿತು. ಸಂದಿನಲ್ಲಿ ಹೊಗೆ ಒಳಗೇ ಬರದೆ ಇನ್ನೆಲ್ಲಿಗೆ ಹೋದೀತು? ನೀವು ದಿನಾ ಇಡುವ ಪಾತ್ರೆಯನ್ನೇ ಕೂರಿಸಿ ಸುತ್ತ ಜೇಡಿಮಣ್ಣು ಮೆತ್ತಿಸಿ. ಪಾತ್ರೆ ಇಡದ ಬಾಯಿಗೆ ಮುಚ್ಚಳ ಹಾಕಿ.

ಕೊಳವೆ ಎಲ್ಲಿ ಮುಗಿಯುತ್ತದೆ ಎಂದು ನೀವು ಬರೆದಿಲ್ಲ. ಇಂಥ ಮನೆಗಳಲ್ಲಿ ಗೋಡೆ ತೂತು ಮಾಡಿ ಸಜ್ಜೆಯ ಕೆಳಗೇ ಬಿಟ್ಟಿರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಗಾಳಿ ಬೀಸಿದರೆ ಹೊಗೆಯೆಲ್ಲ ಹಿಂದಕ್ಕೆ. ಕೊಳವೆ ನೆಟ್ಟಗೆ ತಾರಸಿ ದಾಟಿ ಮೇಲೇರಬೇಕು, ತಲೆಗೆ ಟೋಪಿ ಇರಬೇಕು, ಮೊಣಕೈ ತಿರುವು ಕಡಿಮೆ ಇದ್ದಷ್ಟೂ ಮಸಿ ಕಡಿಮೆ. ಪರೀಕ್ಷೆ ಸುಲಭ. ಒಲೆ ಹೊತ್ತಿಸಿ, ಕೊಳವೆ ಬಿಸಿಯಾದ ಮೇಲೆ ಊದುಬತ್ತಿಯೊಂದನ್ನು ಒಲೆಯ ಬಾಯಿ ಹತ್ತಿರ ಹಿಡಿಯಿರಿ. ಅದರ ಹೊಗೆಯ ಎಳೆ ಒಳಕ್ಕೆ ಬಾಗಿದರೆ ಕೊಳವೆ ಎಳೆಯುತ್ತಿದೆ. ನಿಮ್ಮ ಮುಖಕ್ಕೆ ಬಂದರೆ ಮಸಿ ಕಟ್ಟಿರಬಹುದು. ದಿನಾ ಉರಿಯುವ ಒಲೆಗೆ ತಿಂಗಳಿಗೊಮ್ಮೆ, ಒಲೆ ಆರಿದ ಮೇಲೆ, ನಾರಿನ ಉಂಡೆಗೆ ಹಗ್ಗ ಕಟ್ಟಿ ಮೇಲಿನಿಂದ ಎಳೆಸಿ. ಈ ಮಸಿಗೇ ಬೆಂಕಿ ಹತ್ತುವುದುಂಟು. ಕೊಳವೆಯನ್ನು ಕೊಬ್ಬರಿ ಅಟ್ಟದ ಕಡೆಗಂತೂ ತಿರುಗಿಸಬೇಡಿ. ಒಣಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಒಂದು ಕಿಡಿ ಸಾಕು. ಹಳೆಯ ಆಸ್ಬೆಸ್ಟಾಸ್ ಕೊಳವೆಯಾಗಿದ್ದರೆ ಕೊಯ್ಯಿಸಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸೌದೆಗೆ ಬರವಿಲ್ಲ ಎಂದಿದ್ದೀರಿ. ಹೊಗೆ ಹೆಚ್ಚಲು ಅದೂ ಒಂದು ಕಾರಣ. ಬೇಕಾದಷ್ಟಿದ್ದಾಗ ಹಸಿ, ಒಣಗು ಎಂದು ಯಾರೂ ನೋಡುವುದಿಲ್ಲ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದು ಆವಿಯಾಗುವ ತನಕ ಬರೀ ಹೊಗೆ. ಮಳೆಗಾಲಕ್ಕೆ ಮುಂಚೆ ಸೀಳಿ ಸೂರಿನಡಿ ಒಟ್ಟಿಸಿ. ಗರಿ ಹೊತ್ತಿಸಲು ಸರಿ, ಆದರೆ ಭಗ್ಗನೆ ಉರಿದು ನಾಲಿಗೆ ಹೊರಚಾಚುತ್ತದೆ, ನೈಲಾನ್ ಸೀರೆಯ ಸೆರಗು ಜೋಕೆ. ಚಿಪ್ಪು ಒಳ್ಳೆಯ ಶಾಖ ಕೊಡುತ್ತದೆ. ನಾರುಮಟ್ಟೆ ಉರಿಯುವುದಕ್ಕಿಂತ ಕಮರುವುದೇ ಹೆಚ್ಚು, ಅದನ್ನು ಅಡುಗೆಮನೆಗೆ ತರಬೇಡಿ. ಹಾಲಿನ ಕವರಿನಿಂದ ಹೊತ್ತಿಸುವ ಅಭ್ಯಾಸ ಬಿಡಿಸಿ. ಬೇಲಿಯ ಕಣಗಿಲೆ ಕಡ್ಡಿ ಒಲೆಗೆ ಬೇಡ, ಅದರ ಹೊಗೆಯೂ ವಿಷ. ಗ್ಯಾಸ್ ಸಿಲಿಂಡರ್ ಅದೇ ಕೋಣೆಯಲ್ಲಿದ್ದರೆ ಒಲೆಯಿಂದ ದೂರ ಸರಿಸಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಉರಿಯ ಹತ್ತಿರ ಹೋಗುತ್ತದೆ. ಸೋರಿಕೆಗೆ ಸಹಾಯವಾಣಿ 1906. ಬೂದಿಯನ್ನು ತಿಪ್ಪೆಗೆ ಸುರಿಯುವ ಮುಂಚೆ ನೀರು ಚಿಮುಕಿಸಿ. ಮೇಲೆ ತಣ್ಣಗಿದ್ದ ಬೂದಿಯೊಳಗೆ ಮಾರನೆಯ ದಿನವೂ ಕೆಂಡ ಬದುಕಿರುತ್ತದೆ, ಪಕ್ಕದಲ್ಲೇ ಹುಲ್ಲಿನ ಮೆದೆ ಇದ್ದೀತು.

ಹಂಡೆ ಒಲೆಯ ಬಾಯಿ ಬಚ್ಚಲ ಹೊರಗೆ ಇದೆಯೇ? ಇದ್ದರೆ ಚಿಂತೆ ಕಡಿಮೆ. ಒಳಗಿದ್ದರೆ ಬಾಣಂತಿ ಸ್ನಾನಕ್ಕೆ ಮುಂಚೆ ಕೊಳ್ಳಿ, ಕೆಂಡ ಹೊರಗೆ ತೆಗೆಸಿ, ಬೆಳಕಿಂಡಿ ತೆರೆದಿಡಿ. ಮಗುವಿನ ನೀರಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿ. ಯಾರಿಗಾದರೂ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಬೆಣ್ಣೆ, ಟೂತ್‌ಪೇಸ್ಟ್, ಶಾಯಿ ಏನೂ ಬೇಡ.

ಅತ್ತೆಯವರಿಗೆ ಇದನ್ನೆಲ್ಲ ಮಗಳ ಬಾಯಿಂದ ಹೇಳಿಸಬೇಡಿ. ಬೆಂಗಳೂರಿನ ಮಾತಾಗಿಬಿಡುತ್ತದೆ. ಊದುಬತ್ತಿ ಅವರ ಕೈಗೇ ಕೊಡಿ, ಅವರೇ ಹಿಡಿದು ನೋಡಲಿ. ಎಷ್ಟೋ ದಶಕ ಒಲೆ ಊದಿದವರಿಗೆ ಹೊಗೆ ಯಾವ ಕಡೆ ಹೋಗುತ್ತಿದೆ ಎಂದು ನಾವು ವಿವರಿಸಬೇಕಾಗಿಲ್ಲ. ಮಗಳಿಗೂ ಒಂದು ಮಾತು ಹೇಳಿ: ರಿಪೇರಿ ಮುಗಿಯುವ ತನಕ ಮುದ್ದೆ ಗ್ಯಾಸಿನ ಮೇಲೇ ಆಗುತ್ತದೆ, ಅಜ್ಜಿಯ ಒಲೆ ಮನೆಯಲ್ಲೇ ಇರುತ್ತದೆ. ಗಾರೆಯವರು ಬರಲು ವಾರ ಹಿಡಿಯಬಹುದು, ಹಿಡಿಯಲಿ. ಬಾಂಡ್ಲಿಗೆ ಆ ವಾರದ ಗಡುವು ಕೊಡಬೇಡಿ.