ಕಣ್ಣಿಲ್ಲದ ಈಜುಗಾರ

ಕಗ್ಗತ್ತಲಿನ ತೋಟದಲ್ಲಿ ಎಲ್ಲಿಯೋ ಮಲ್ಲಿಗೆ ಅರಳಿದೆ. ಬಳ್ಳಿ ಕಾಣದು, ಕಂಪು ಮಾತ್ರ ಬರುತ್ತಿದೆ. ಅದನ್ನು ಹುಡುಕುವುದು ಹೇಗೆ? ನಾಲ್ಕು ಹೆಜ್ಜೆ ನಡೆಯಬೇಕು. ಕಂಪು ಹೆಚ್ಚಿದರೆ ಮುಂದುವರಿಯಬೇಕು. ಕುಗ್ಗಿದರೆ ದಿಕ್ಕನ್ನು ಬದಲಿಸಬೇಕು. ನಮ್ಮ ಕರುಳಿನಲ್ಲಿ ವಾಸಿಸುವ ಎಶೆರಿಶಿಯ ಕೋಲೈ ಎಂಬ ಬ್ಯಾಕ್ಟೀರಿಯವು ಆಹಾರವನ್ನು ಅರಸುವುದು ಹೀಗೆಯೇ.

ಈ ಜೀವಿಯ ಉದ್ದ ಸುಮಾರು 2 ಮೈಕ್ರೋಮೀಟರ್. ಎಂದರೆ, ಇಂಥ 500 ಜೀವಿಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಇದಕ್ಕೆ ಕಣ್ಣಿಲ್ಲ, ಮೂಗಿಲ್ಲ, ಮಿದುಳೂ ಇಲ್ಲ. ಇರುವುದು ಮೈಯಿಂದ ಹೊರಚಾಚಿದ ಕೆಲವು ಸುರುಳಿಯಾಕಾರದ ಎಳೆಗಳು. ಇವೇ ಕಶಾಂಗಗಳು. ಕಶೆ ಎಂದರೆ ಚಾವಟಿ. ಇವು ಚಾವಟಿಯಂತೆ ಬಳುಕಿ ಜೀವಿಯನ್ನು ಮುಂದೊಯ್ಯುತ್ತವೆಂದು ಹಲವರು ಭಾವಿಸಿದ್ದರು. ಬಳುಕುವುದಲ್ಲ, ಬುಡದಿಂದಲೇ ಸುತ್ತುತ್ತವೆ ಎಂದು 1973ರಲ್ಲಿ ಹೊವಾರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ವಾದಿಸಿದರು. ಮರುವರ್ಷ ಮೈಕೇಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಕಶಾಂಗವನ್ನು ಗಾಜಿಗೆ ಅಂಟಿಸಿ ನೋಡಿದರು. ಎಳೆ ಅಲುಗದಾಯಿತು, ಜೀವಿಯ ಒಡಲೇ ಗಿರಗಿರನೆ ತಿರುಗತೊಡಗಿತು!

ಕಶಾಂಗದ ಬುಡದಲ್ಲಿ ಪ್ರೋಟೀನುಗಳಿಂದಾದ ಒಂದು ಯಂತ್ರವಿದೆ. ನೀರಿನ ಧಾರೆ ಚಕ್ರವನ್ನು ತಿರುಗಿಸುವಂತೆ, ಹೊರಗಿನಿಂದ ಒಳಕ್ಕೆ ಹರಿಯುವ ಪ್ರೋಟಾನುಗಳು ಅದನ್ನು ಸೆಕೆಂಡಿಗೆ ಸುಮಾರು 100 ಸುತ್ತು ತಿರುಗಿಸುತ್ತವೆ. ಎಳೆಯ ತುದಿಯ ಕಡೆಯಿಂದ ನೋಡಿದಾಗ ಎಲ್ಲವೂ ಅಪ್ರದಕ್ಷಿಣವಾಗಿ ತಿರುಗುತ್ತಿದ್ದರೆ, ಎಳೆಗಳು ಜಡೆಯಂತೆ ಒಂದುಗೂಡಿ ಜೀವಿ ನೇರವಾಗಿ ಈಜುತ್ತದೆ. ಕೆಲವು ಪ್ರದಕ್ಷಿಣವಾಗಿ ತಿರುಗಿದೊಡನೆ ಜಡೆ ಬಿಚ್ಚುತ್ತದೆ. ಜೀವಿ ಹೊರಳಿ ಬೇರೊಂದು ದಿಕ್ಕಿಗೆ ಮುಖಮಾಡುತ್ತದೆ. ಯಾವ ದಿಕ್ಕಿಗೆಂಬುದು ಅದರ ವಶದಲ್ಲಿಲ್ಲ. ಈಜು ಸುಮಾರು ಒಂದು ಸೆಕೆಂಡು. ಹೊರಳು ಅದರ ಹತ್ತನೆಯ ಒಂದು ಪಾಲು.

ಹಾಗಾದರೆ ಯಂತ್ರಕ್ಕೆ ಅಪ್ಪಣೆ ಕೊಡುವವರು ಯಾರು? ಜೀವಿಯ ಪೊರೆಯಲ್ಲಿ ಆಹಾರದ ಸುಳಿವನ್ನು ಹಿಡಿಯುವ ಗ್ರಾಹಕಗಳಿವೆ. ಆಹಾರ ಕಡಿಮೆಯಾದರೆ, ಅವುಗಳ ಪ್ರೇರಣೆಯಿಂದ ಒಂದು ಪುಟ್ಟ ಪ್ರೋಟೀನಿಗೆ ಫಾಸ್ಫೇಟ್ ಸೇರುತ್ತದೆ. ಆ ಪ್ರೋಟೀನು ದೂತನಂತೆ ಸಾಗಿ ಯಂತ್ರಕ್ಕೆ ಅಂಟಿಕೊಂಡು ಪ್ರದಕ್ಷಿಣ ಗತಿಗೆ ತಿರುಗಿಸುತ್ತದೆ. ಆಹಾರ ಹೆಚ್ಚಿದರೆ ಇಂಥ ದೂತರು ಕಡಿಮೆಯಾಗಿ ಈಜು ದೀರ್ಘವಾಗುತ್ತದೆ. ಕೆಲವು ಸೆಕೆಂಡುಗಳ ಹಿಂದಿನ ಸ್ಥಿತಿಯ ಗುರುತು ಗ್ರಾಹಕಗಳಲ್ಲಿಯೇ ಉಳಿದಿರುತ್ತದೆ. ಇಂದಿನದನ್ನು ಅದರೊಡನೆ ಹೋಲಿಸುವುದೇ ಈ ಜೀವಿಯ ನೆನಪು.

ಸರಿಯಾದ ದಾರಿಯನ್ನು ಆರಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲ. ಆದರೂ ಅನುಕೂಲವಾದರೆ ಮುಂದುವರಿಯುವುದು, ಪ್ರತಿಕೂಲವಾದರೆ ಹೊರಳಿ ಮತ್ತೆ ಯತ್ನಿಸುವುದು ಎಂಬ ಒಂದೇ ನಿಯಮದಿಂದ ಇದು ಅನ್ನವಿರುವೆಡೆಗೆ ಸಾಗುತ್ತದೆ. ದಾರಿ ತಿಳಿಯದಿರುವುದು ಸೋಲಲ್ಲ. ತಪ್ಪಿದಾಗ ತಿರುಗದಿರುವುದೇ ಸೋಲು.